ಖಾಲಿ ಇದ್ದ ಆರು ವರ್ಷ

ತನುಜಾ ತಂದ ಕರಡಿನಲ್ಲಿ ಶಿವರಾಜ್ ಕೆಂಪು ಪೆನ್ನಿನಿಂದ ಜ್ಞಾನೇಶನ ಹೆಸರಿನ ಮೇಲೆ ಗೆರೆ ಎಳೆದರು. ಕಾಫಿ ಆರುತ್ತದೆ, ಕುಡಿಯಿರಿ ಎಂದರು. ತನುಜಾ ಲೋಟ ಎತ್ತಿಕೊಂಡಳು.

ವಿಶ್ವವಿದ್ಯಾಲಯದ ಕ್ರೈಸ್ತ ದೈವಶಾಸ್ತ್ರ ಪೀಠಕ್ಕೆ ಇಪ್ಪತ್ತೈದು ವರ್ಷ ತುಂಬಿತ್ತು. ಅದರ ಚರಿತ್ರೆ ಬರೆಯುವ ಕೆಲಸ, ಅಲ್ಲೇ ತಾತ್ಕಾಲಿಕ ಸಹಾಯಕಿಯಾಗಿದ್ದ ಅವಳ ಪಾಲಿಗೆ ಬಂದಿತ್ತು. ಮೊದಲ ಪ್ರಾಧ್ಯಾಪಕರು ಹತ್ತು ವರ್ಷ ಇದ್ದರು, ಎರಡನೆಯವರು ಎಂಟು. ಆಮೇಲೆ ಆರು ವರ್ಷ ಅವಳ ಗಂಡ ಜ್ಞಾನೇಶ್. ಅವನು ಸತ್ತಂದಿನಿಂದ ಪೀಠ ಇತಿಹಾಸ ವಿಭಾಗದ ಶಿವರಾಜ್ ಅವರ ಹೆಚ್ಚುವರಿ ಹೊಣೆ.

ಜ್ಞಾನೇಶ್ ಅತಿಥಿ ಉಪನ್ಯಾಸಕ. ಹುದ್ದೆ ತುಂಬದೆ ಅವನೊಬ್ಬನಿಂದಲೇ ಎಲ್ಲ ನಡೆಸಿದ್ದರು. ಸೇವೆ ಕಾಯಂ ಎನ್ನಿಸಬಾರದೆಂದು ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಬಿಡಿಸಿ, ಮಾರನೆಯ ದಿನ ಹೊಸ ಆದೇಶ ಕೊಡುತ್ತಿದ್ದರು. ಹೋದ ವರ್ಷ ಅಂಥ ಬಿಡುವಿನ ದಿನವೇ, ಪರೀಕ್ಷೆ ಹತ್ತಿರ ಬಂತೆಂದು ಭದ್ರಾವತಿಯಿಂದ ಪಾಠಕ್ಕೆ ಹೊರಟವನು ಮಲವಗೊಪ್ಪದ ಹತ್ತಿರ ಬಸ್ಸಿನಲ್ಲೇ ಕುಸಿದ.

"ಅವತ್ತು ಅವ್ರು ನಮ್ಮ ಸ್ಟಾಫೇ ಅಲ್ವಲ್ಲಮ್ಮ," ಎಂದರು ಶಿವರಾಜ್. "ಬಾಕಿ ದಿನಾನೂ ಗೆಸ್ಟು. ಬಂದು ಹೋದ ನೆಂಟರ ಹೆಸರನ್ನೆಲ್ಲ ಬಾಗ್ಲಲ್ಲಿ ಬರೆಸ್ತೀವಾ? ಗೋರಿ ಮೇಲೆ ಪ್ರಾಧ್ಯಾಪಕ ಅಂತ ಹಾಕ್ಸಿದೀರಂತೆ. ಅದು ನಿಮ್ಮ ಜಾಗ, ಏನಾದ್ರೂ ಹಾಕ್ಸ್ಕೊಳ್ಳಿ."

ಜ್ಞಾನೇಶ್ ಬರೆದ ಪಠ್ಯಕ್ರಮದ ವಿಷಯ ಚರಿತ್ರೆಯಲ್ಲಿ ಇರಲಿ, ಆದರೆ ಪೀಠವೇ ರೂಪಿಸಿತು ಎಂದಿರಲಿ ಎಂದರು. ಆಮೇಲೆ ಮೇಜಿನ ಮೇಲಿದ್ದ ಒಂದು ಫೈಲನ್ನು ನೇರ ಮಾಡಿಟ್ಟರು.

"ನಿಮ್ಮ ಆರ್ಡರೂ ಗುರುವಾರ ಮುಗಿಯುತ್ತೆ, ಅಲ್ವಾ?"

ನ್ಯೂಟೌನಿನ ಬಾಡಿಗೆ ಮನೆಯಲ್ಲಿ ಅತ್ತೆ, ಮೂರು ವರ್ಷದ ಮಗಳು. ತನುಜಾ ತನ್ನ ಜಾಗಕ್ಕೆ ಹೋಗಿ ಕುಳಿತು, ಆ ಆರು ವರ್ಷ ಪೀಠ ಖಾಲಿ ಇತ್ತು ಎಂದು ಟೈಪ್ ಮಾಡಿದಳು. ಒಂದೇ ಸಾಲು. ತಪ್ಪಿಲ್ಲವೆಂದು ಎರಡು ಸಲ ಓದಿಕೊಂಡಳು.

ಶುಕ್ರವಾರ ಪೇಂಟರ್ ಭೂತಪ್ಪ ಬಂದ. ಬಾಗಿಲ ಮೇಲಿನ ಮರದ ಹಲಗೆಯಲ್ಲಿ ಪ್ರಾಧ್ಯಾಪಕರ ಹೆಸರು, ವರ್ಷ ಬರೆಯಬೇಕಿತ್ತು. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ತನುಜಾ ಹಿಡಿದುಕೊಂಡಳು. ಎರಡು ಹೆಸರು ಮುಗಿಸಿ ಅವನು ಚೀಟಿ ನೋಡಿದ.

"ಅಕ್ಕಾ, ಇಲ್ಲಿ ಖಾಲಿ ಅಂತ ಇದೆ. ಆರು ವರ್ಷ ಪಾಠ ಮಾಡೋಕೆ ಯಾರೂ ಇರ್ಲಿಲ್ವಾ?"

"ಇರ್ಲಿಲ್ಲ."

ಅವನು ಬ್ರಷ್ ಅದ್ದಿದ. ಜವಾನ ಹಾಜರಿ ಪುಸ್ತಕ ಹಿಡಿದು ಬಂದವನು ಅವಳನ್ನು ನೋಡಿ ನಿಂತ.

"ಇವತ್ತು ನಿಮ್ದು ಬ್ರೇಕಲ್ವಾ ಮೇಡಂ? ಯಾಕೆ ಬಂದ್ರಿ?"

ಮೇಲಿಂದ ಒಂದು ಹನಿ ಬಿಳಿ ಬಣ್ಣ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಸ್ಟೂಲ್ ಬಿಡುವಂತಿರಲಿಲ್ಲ.