ಗಾಡಿ ದಬ್ಬುವವರು

"ಅಪ್ಪಾ, ಬಾನೆಟ್ ಮುಚ್ಚು," ಎಂದಳು ಅನ್ನಪೂರ್ಣಾ. ಮೂರನೇ ಸಲ ಹೇಳುತ್ತಿದ್ದಳು.

ಬಸಲಿಂಗಪ್ಪ ಮುಚ್ಚಲಿಲ್ಲ. ಹೊಟ್ಟೆಯ ತನಕ ಫಿಯಾಟಿನೊಳಗೆ ಬಗ್ಗಿದ್ದ. ಬೆಳಗಿನ ಜಾವ ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಮಧ್ಯಾಹ್ನ ಮೂರಕ್ಕೆ ಕೂತು, ನಿಂತು, ಬಗ್ಗಿ, ಪ್ಲಗ್ಗಿಗೆ ಮರಳುಕಾಗದ ಉಜ್ಜುತ್ತಿದ್ದ. ಪಡಸಾಲೆಯಲ್ಲಿ ಗುರುಬಸವ್ವನ ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ಹಾಡಿ ಹಾಡಿ ಗಂಟಲು ಒಣಗಿಸಿಕೊಂಡಿದ್ದರು. ಅಂಗಳದ ಆಚೆ ಗುರುಬಸವ್ವನ ತಮ್ಮ ಸತ್ಯಪ್ಪನ ಟ್ರ್ಯಾಕ್ಟರ್ ನಿಂತಿತ್ತು. ಅದರ ಟ್ರೇಲರಿನ ಮೇಲೆ ಬಾಳೆಕಂಬ ಕಟ್ಟಿ, ಚೆಂಡುಹೂವು ಸುತ್ತಿ, ಹೆಣ ಕೂರಿಸಲು ವಿಮಾನ ಸಿದ್ಧ ಮಾಡಿದ್ದರು. ಸಂಪಗಾಂವದ ಹೊಲಕ್ಕೆ ಅದರಲ್ಲೇ ಒಯ್ದು ಮಣ್ಣು ಮಾಡುವುದೆಂದು ಬೆಳಿಗ್ಗೆಯೇ ಎಲ್ಲರೂ ಕೂಡಿ ನಿರ್ಧರಿಸಿಯಾಗಿತ್ತು.

"ಗಾಡ್ಯಾಗ ಒಯ್ಯೂಣು," ಬಾನೆಟ್ಟಿನೊಳಗಿಂದ ದನಿ ಬಂತು. "ಮುಂದಿನ ಸೀಟಿನ್ಯಾಗ ಕುಂದರ್ಸೂಣು."

"ಯಾವ ಗಾಡಿ? ಇದರಾಗ?"

"ಹ್ಞೂಂ."

ಅನ್ನಪೂರ್ಣಾಳ ಮೈ ಉರಿದುಹೋಯಿತು. ಸವದತ್ತಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ಅವಳಿಗೆ ಬೆಳಿಗ್ಗೆ ಆರಕ್ಕೆ ಫೋನು ಬಂದಿತ್ತು. ತಾಯಿಗೆ ಎದೆನೋವು ಬಂದದ್ದು ಐದಕ್ಕೆ. ನೆರೆಮನೆಯ ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವಳು ಬಂದವಳೇ ಅಳುವ ಮೊದಲು ಅಪ್ಪನಿಗೆ ಒಂದೇ ಮಾತು ಕೇಳಿದ್ದಳು: "ಈ ಗಾಡಿ ಚಾಲೂ ಮಾಡ್ಕೋತ ಕುಂತಿದ್ದೇನ? ಅದಕ್ಕ ತಡಾ ಆತೇನ?" ಅವನು ಎದ್ದು ಹೋಗಿ ಶೆಡ್ಡಿನ ಬಾಗಿಲು ತೆಗೆದಿದ್ದ.

"ಜೀವಂತ ಇರೂತನಕ ಅವ್ವ ಇದನ್ನ ದಬ್ಬಿದ್ಲು," ಎಂದಳು ಈಗ. "ಸತ್ತ ಮ್ಯಾಲೆರೆ ಆಕೀನ್ನ ಬಿಡಪಾ."

ಸತ್ಯಪ್ಪ, ಮಂತ್ರ ಹೇಳಲು ಬಂದಿದ್ದ ಗಂಗಯ್ಯನವರ ಕಡೆ ತಿರುಗಿದ. "ನೀವರೆ ಹೇಳ್ರಿ ಅಯ್ಯಾರ. ವಿಮಾನ ಕಟ್ಟಿಟ್ಟು ಯಾರರೆ ಕಾರಿನ್ಯಾಗ ಒಯ್ಯತಾರೇನ್ರಿ?"

ಅಯ್ಯನವರು ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು. "ನಮ್ಮ ಪದ್ಧತಿ ಏನ? ಹೆಣಾ ಮಲಗಸೂ ಹಂಗಿಲ್ಲ, ಕುಂತ ಹೋಗಬೇಕು. ಎದರಾಗ ಕುಂತ್ರು ಅಂತ ಯಾರೂ ಕೇಳೂದಿಲ್ಲ. ಹೊತ್ತ ಮುಣಗೂದ್ರಾಗ ಮಣ್ಣಾಗಬೇಕು, ಅದಷ್ಟ ನೋಡ್ರಿ."

ಇವರಾದರೂ ಆಗದು ಎನ್ನುತ್ತಾರೆಂದು ನಂಬಿದ್ದ ಅನ್ನಪೂರ್ಣಾ ಹಲ್ಲು ಕಚ್ಚಿಕೊಂಡು ಒಳಗೆ ಹೋದಳು.

*

ಬಸಲಿಂಗಪ್ಪ ಬೈಲಹೊಂಗಲದ ಮಾರ್ಕೆಟ್ ಯಾರ್ಡಿನಲ್ಲಿ ತೂಕದ ಗುಮಾಸ್ತನಾಗಿದ್ದವನು. ಎಂಬತ್ತೊಂಬತ್ತನೇ ಇಸವಿಯಲ್ಲಿ ಧಾರವಾಡದ ಡಾಕ್ಟರೊಬ್ಬರಿಂದ ಹದಿನೇಳು ವರ್ಷ ಹಳೆಯ ಫಿಯಾಟ್ ಕೊಂಡು ತಂದ. ತಿಳಿನೀಲಿ ಬಣ್ಣ, ಸ್ಟೀರಿಂಗಿನ ಕೊರಳಿಗೇ ಹಚ್ಚಿದ ಗೇರು. ಮನೆಯಲ್ಲಿ ಇದ್ದದ್ದು ಒಂದೇ ಶೆಡ್ಡು, ಅದರಲ್ಲಿ ಗುರುಬಸವ್ವನ ಶಾವಿಗೆ ಮಷೀನು. ಓಣಿಯ ಹೆಂಗಸರೆಲ್ಲ ಹಿಟ್ಟು ನಾದಿಕೊಂಡು ಅಲ್ಲಿಗೇ ಬರುತ್ತಿದ್ದರು. ಗಾಡಿ ಬಂದ ದಿನ ಮಷೀನು ಹಿತ್ತಲಿನ ಬಚ್ಚಲ ಪಕ್ಕಕ್ಕೆ ಹೋಯಿತು. "ಬಿಸಲಿಗೆ ಬಿಟ್ರ ಬಣ್ಣಾ ಹೋಗತೈತಿ, ಖರೆ," ಎಂದಿದ್ದಳಂತೆ ಅವಳು, ಅಷ್ಟೇ.

ಕಾರ್ಬೊರೇಟರಿಗೆ ಗಾಳಿ ತಡೆಯುವ ಚೋಕ್ ವಾಯರ್ ಹರಿದುಹೋಗಿತ್ತು. ತಣ್ಣಗಿರುವ ಎಂಜಿನ್ ಚಾಲೂ ಆಗಬೇಕಾದರೆ ಒಬ್ಬರು ಒಳಗೆ ಕೂತು ಕೀಲಿ ತಿರುವಬೇಕು, ಇನ್ನೊಬ್ಬರು ಕಾರ್ಬೊರೇಟರಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದು, ಸರಿಯಾದ ಹೊತ್ತಿಗೆ ಕೈ ತೆಗೆಯಬೇಕು. ಆ ಅಂಗೈ ಗುರುಬಸವ್ವನದು. ಅಷ್ಟಕ್ಕೂ ಆಗದಿದ್ದರೆ ಹಿಂದಿನಿಂದ ದಬ್ಬಬೇಕು. ಆ ಕೈಗಳೂ ಅವಳವೇ. ಅನ್ನಪೂರ್ಣಾಳ ಟಿಫಿನ್ ಡಬ್ಬಿ ತೆಗೆದರೆ ಚಪಾತಿಗೆ ಪೆಟ್ರೋಲಿನ ವಾಸನೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಹೈಸ್ಕೂಲಿನ ಗೇಟಿನೆದುರೇ ಗಾಡಿ ನಿಂತಿತು. ಶಾಲೆ ಬಿಡುವ ಹೊತ್ತು. ಅಪ್ಪ ಒಳಗೆ ಗತ್ತಿನಿಂದ ಸ್ಟೀರಿಂಗ್ ಹಿಡಿದು ಕೂತಿದ್ದ. ಅವ್ವ ಸೆರಗು ಸೊಂಟಕ್ಕೆ ಸಿಗಿಸಿ, ಚಪ್ಪಲಿ ಒಳಗೆಸೆದು, ಎರಡೂ ಕೈ ಡಿಕ್ಕಿಗೆ ಕೊಟ್ಟು ದಬ್ಬುತ್ತಿದ್ದಳು. ಮರುದಿನದಿಂದ ಹುಡುಗಿಯರು ಅನ್ನಪೂರ್ಣಾಳನ್ನು ಕಂಡರೆ ಕಾಂಪೌಂಡ್ ಗೋಡೆ ದಬ್ಬಿ ತೋರಿಸುತ್ತಿದ್ದರು. ಅವಳು ಮನೆಗೆ ಬಂದು ಅತ್ತು ಕೂಗಾಡಿದಳು. "ನೀ ಯಾಕ ದಬ್ಬತೀ? ನಿನಗ ನಾಚಿಕಿಲ್ಲೇನ?"

"ನಾ ದಬ್ಬಲಿಲ್ಲಂದ್ರ ಅದು ಹೆಂಗ ಹೋಗತೈತಿ?" ಎಂದಿದ್ದಳು ಗುರುಬಸವ್ವ, ಅದೇನು ದೊಡ್ಡ ಪ್ರಶ್ನೆ ಎಂಬಂತೆ.

*

ನಾಲ್ಕಕ್ಕೆ ಕಿತ್ತೂರಿನಿಂದ ಶಟ್ಟೆಪ್ಪ ಬೈಕಿನ ಮೇಲೆ ಬಂದ. ಹೈವೇ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಅವನು ಮೂವತ್ತು ವರ್ಷದಿಂದ ಈ ಗಾಡಿಯ ಮೇಸ್ತ್ರಿ. ಒಳಗೆ ಹೋಗಿ ಗುರುಬಸವ್ವನ ಪಾದಕ್ಕೆ ಹಣೆ ಹಚ್ಚಿ ಹೊರಬಂದ.

"ಬಂದಿ? ಛಲೋ ಆತು," ಎಂದ ಬಸಲಿಂಗಪ್ಪ. "ಕರೆಂಟ್ ಬರಾಕ ಹತ್ತೇತಿ, ಪೆಟ್ರೋಲ್ ಬರಾಕ ಹತ್ತೇತಿ, ಆದ್ರ ಹಿಡೀವಲ್ದು. ನೋಡು."

"ನಾ ಪಾನಾ, ಸ್ಕ್ರೂ ಡ್ರೈವರ್ ಏನೂ ತಂದಿಲ್ರಿ ಸಾಹೇಬ್ರ. ಅಕ್ಕಾರ ಮಣ್ಣಿಗೆ ಬಂದೇನಿ."

"ಪಾನಾ ನನ್ನ ಹಂತ್ಯಾಕ ಅದಾವು."

ಶಟ್ಟೆಪ್ಪ ಅನ್ನಪೂರ್ಣಾಳ ಮುಖ ನೋಡಿದ. ಅವಳು ಮುಖ ತಿರುವಿದಳು. ನೆರೆಮನೆಯ ಕೆಂಚವ್ವ ಹೊಸ್ತಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೂರ ಮಂದಿ ಕೂಡಿ ಮೈ ತೊಳದೇವಿ, ಆಕೀ ಬಲಗೈ ಗೆರಿಯಾಗಿನ ಕರಿ ಹೋಗಲೇ ಇಲ್ಲವಾ. ಹಂಗ ವಿಭೂತಿ ಹಚ್ಚೇವಿ."

"ಮೂರ ವರ್ಷದ ಹಿಂದ ಇದನ್ನ ಮಾರಬೇಕಾಗಿತ್ತು," ಎಂದಳು ಅನ್ನಪೂರ್ಣಾ, ಯಾರಿಗೆಂದಿಲ್ಲದೆ. "ಮಾರಿಯೇಬಿಡತಿದ್ದೆ."

*

ಆಗ ಇಂಟರ್ನೆಟ್ಟಿಗೆ ಫೋಟೋ ಹಾಕಿದವಳು ಅವಳೇ. ಹಳೆ ಗಾಡಿಗಳ ಹುಚ್ಚಿನ ಇಬ್ಬರು ಯುವಕರು ಪುಣೆಯಿಂದ ಬಂದರು. ಬಸಲಿಂಗಪ್ಪ "ಹೋಗಲಿ, ನನಗೂ ವಯಸ್ಸಾತು" ಎಂದು ಗೋಡೆಗೆ ಮುಖ ಮಾಡಿ ಹೇಳಿದ್ದ. ಅವನ ಬಾಯಿಂದ ಆ ಮಾತು ಹೊರಡಿಸಲು ಮಗಳಿಗೆ ಒಂದು ವರ್ಷ ಹಿಡಿದಿತ್ತು. ಯುವಕರು ಗಾಡಿಯ ಕೆಳಗೆ ಮಲಗಿ ನೋಡಿದರು, ಬಾಗಿಲು ತೆರೆದು ಮುಚ್ಚಿದರು, ಎಲ್ಲ ಮೂಲದ್ದೇ ಇದೆ ಎಂದು ಕುಣಿದಾಡಿದರು. ಅವರಲ್ಲಿ ಕನ್ನಡ ಬಲ್ಲವನೊಬ್ಬ, ಚಹಾ ಕೊಡಲು ಬಂದ ಗುರುಬಸವ್ವನನ್ನು ನಗುತ್ತ ಕೇಳಿದ, "ಏನಜ್ಜಿ, ಗಾಡಿ ಹೆಂಗೈತಿ?"

ಗುರುಬಸವ್ವ ತಾಟು ಕೆಳಗಿಟ್ಟಳು.

"ರೇಡಿಯೇಟರ್ ಬಲಕ್ಕ ತಳದಾಗ ಸೋರತೈತಿ. ಇಳಕಲದಾಗ ಎರಡನೇ ಗೇರ್ ಕಳಚತೈತಿ, ಹಿಡಕೊಂಡ ಇರಬೇಕು. ಹಿಂದಿನ ಎಡಗಡಿ ಕಿಡಕಿ ಕಾಜ ಮಳಿ ಬಂದಾಗಷ್ಟ ಕೆಳಗ ಬೀಳತೈತಿ. ಡ್ರೈವರ್ ಕಾಲ ಕೆಳಗ ತಗಡ ತುಕ್ಕ ತಿಂದೈತಿ, ಮ್ಯಾಲ ನಾ ಗೋಣಿಚೀಲ ಹಾಸೇನಿ. ಕಾದ ಮ್ಯಾಲ ಹಾರ್ನ್ ತಾನ ಬಡಕೋತೈತಿ..."

ಹತ್ತು ನಿಮಿಷ ಹೇಳಿದಳು. ಶಟ್ಟೆಪ್ಪನಿಗೂ ಗೊತ್ತಿಲ್ಲದ ರೋಗಗಳಿದ್ದವು ಅದರಲ್ಲಿ. ಯುವಕರು ಚಹಾ ಕುಡಿದು, ಫೋನ್ ಮಾಡುತ್ತೇವೆಂದು ಹೋದರು. ಮಾಡಲಿಲ್ಲ.

"ಅವ್ವಾ, ಮಾರೂ ಮುಂದ ಯಾರರೆ ಹಿಂಗ ಹೇಳತಾರೇನ?"

"ಕೇಳಿದ್ರು, ಹೇಳಿದೆ. ಮುಚ್ಚಿಟ್ಟ ಮಾರೂಣೇನ?" ಗುರುಬಸವ್ವ ಎದ್ದು ಗಾಡಿಗೆ ಹೊದಿಕೆ ಹಾಕಲು ಹೋದಳು. ಅನ್ನಪೂರ್ಣಾ ಸಿಟ್ಟಿಗೆ ಎರಡು ತಿಂಗಳು ತವರಿಗೆ ಬರಲಿಲ್ಲ.

*

ಬಸಲಿಂಗಪ್ಪ ಕೀಲಿ ತಿರುವಿದ. ಎಂಜಿನ್ ಕಿರ್ರ್ ಎಂದು ಕೊರಗಿ ಸುಮ್ಮನಾಯಿತು. ಮತ್ತೆ ತಿರುವಿದ. ಬಾನೆಟ್ಟಿನ ಬಳಿ ಶಟ್ಟೆಪ್ಪ ಅಂಗೈ ಮುಚ್ಚಿ ತೆಗೆದ; ಹಿಡಿಯಲಿಲ್ಲ. ಐದು ಗಂಟೆ. ಬಂದವರು ಮೊಬೈಲು ನೋಡುವುದೂ ಸಾಕಾಗಿ ಬಹಿರಂಗವಾಗಿ ಆಕಳಿಸತೊಡಗಿದ್ದರು. ಸತ್ಯಪ್ಪ ಟ್ರ್ಯಾಕ್ಟರ್ ಚಾಲೂ ಮಾಡಿಯೇಬಿಟ್ಟ.

"ಸಾಕಪಾ," ಎಂದಳು ಅನ್ನಪೂರ್ಣಾ. "ಚೋಕ್ ವಾಯರ್ ಒಂದು ಹಾಕಸಾಕ ಆಗಲಿಲ್ಲ ನಿನ್ನ ಕಡಿಂದ. ಇಷ್ಟ ವರ್ಷ ಅವ್ವನ ಕೈ ಸುಟ್ಟಿ."

"ಪಾರ್ಟ್ ಸಿಗಲಿಲ್ಲ," ಎಂದ ಬಸಲಿಂಗಪ್ಪ.

ಶಟ್ಟೆಪ್ಪ ಕೈ ಒರೆಸಿಕೊಳ್ಳುತ್ತಿದ್ದ. ಒರೆಸುತ್ತಲೇ ಇದ್ದ.

"ಸಿಗತಿತ್ರಿ," ಎಂದ.

"ಏನಂದಿ?"

"ಅರ್ಧಾ ತಾಸಿನ ಕೆಲಸ ಸಾಹೇಬ್ರ. ಮೂರ ಸಲ ಹಾಕಾಕ ಹ್ವಾದೆ. ಮೂರೂ ಸಲ ಅಕ್ಕಾರ ಬ್ಯಾಡ ಅಂದ್ರು. 'ಶಟ್ಟೆಪ್ಪಾ, ವಾಯರ್ ಹಾಕಿದ್ರ ಇವ್ರು ನನ್ನ ಬಿಟ್ಟ ಒಬ್ಬರ ಹೋಗಿಬಿಡತಾರ. ಪಾರ್ಟ್ ಸಿಗವಲ್ದು ಅಂತ ಹೇಳು' ಅಂದ್ರು. ಹಂಗ ಹೇಳಿದೆ."

ಅನ್ನಪೂರ್ಣಾಳಿಗೆ ಈಗ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತವಳ ಮೇಲೇ ಬಂತು. ಒಂದು ಮಾತು ನನಗೆ ಹೇಳಬಾರದಿತ್ತೇ? ಹೈಸ್ಕೂಲಿನ ಗೇಟಿನಿಂದ ಹಿಡಿದು ಇವತ್ತಿನವರೆಗೆ ನಿನ್ನ ಪರವಾಗಿ ಅಪ್ಪನ ಮೇಲೆ ಹಲ್ಲು ಕಡಿದೆನಲ್ಲ?

ಬಸಲಿಂಗಪ್ಪ ಡ್ರೈವರ್ ಸೀಟಿನಲ್ಲೇ, ಕಾಲು ಹೊರಗೆ ಬಿಟ್ಟು ಕೂತಿದ್ದ. "ಮುಂಜಾನಿ ಗಾಡಿ ಮುಟ್ಟಿಲ್ಲ ನಾನು," ಎಂದ. "ನೀ ಕೇಳಿದಿ, ಈಗ ಹೇಳತೇನಿ. ಎದಿ ಹಿಡಕೊಂಡ ಕುಂತ್ಲು, ಆಗಿಂದಾಗ ರಿಕ್ಷಾ ಕರದೆ. ರಿಕ್ಷಾ ಬ್ಯಾಡ, ನಮ್ಮ ಗಾಡ್ಯಾಗ ಹೋಗೂಣು ಅಂದ್ಲು. ದಬ್ಬಾವ್ರು ಯಾರ, ನಿಮ್ಮಪ್ಪೇನ ಅಂತ ಬೈದೆ. ನಕ್ಕ ಸುಮ್ನಾದ್ಲು. ಮುಂದ ಮಾತಾಡಲಿಲ್ಲ."

ಅವನ ಎಪ್ಪತ್ತೆರಡರ ಆ ಮುಖವನ್ನು ಅನ್ನಪೂರ್ಣಾ ಬೆಳಗಿನಿಂದ ಮೊದಲ ಸಲ ನೆಟ್ಟಗೆ ನೋಡಿದಳು. ಅಳು ಬಂತು, ಬಂದ ಅಳುವನ್ನು ಬೈಗುಳವಾಗಿಯೇ ಹೊರಹಾಕಿದಳು.

"ಮತ್ತ ಸುಮ್ನ ಯಾಕ ಕುಂತೀ? ತಿರುವು ಕೀಲಿ!"

ಹೋಗಿ ಕಾರ್ಬೊರೇಟರಿನ ಬಾಯಿಗೆ ಅಂಗೈ ಮುಚ್ಚಿದಳು. ಎಂಜಿನ್ ಅವಳ ಕೈಯನ್ನು ಒಳಗೆ ಎಳೆದುಕೊಂಡಿತು. ಯಾವಾಗ ತೆಗೆಯಬೇಕೋ ಗೊತ್ತಿರಲಿಲ್ಲ. ಬೇಗ ತೆಗೆದಳು, ಕೆಮ್ಮಿ ಸತ್ತಿತು. ತಡವಾಗಿ ತೆಗೆದಳು, ಪೆಟ್ರೋಲು ಉಕ್ಕಿ ಮೊಣಕೈತನಕ ಇಳಿಯಿತು. ಆರನೇ ಸಲಕ್ಕೆ ಕೀಲಿ ತಿರುವಿದರೆ ಟಕ್ ಎಂದಿತಷ್ಟೆ.

"ಬ್ಯಾಟರಿ ಖಾಲಿ," ಎಂದ ಶಟ್ಟೆಪ್ಪ. "ಇನ್ನ ದಬ್ಬಿದ್ರ ಅಷ್ಟ. ಒಮ್ಮೆ ಹಿಡೀತು ಅಂದ್ರ ಮತ್ತ ನಿಲ್ಲಸೂ ಹಂಗಿಲ್ಲ, ಬಂದ್ ಬೀಳತೈತಿ."

ಸತ್ಯಪ್ಪ ಟ್ರ್ಯಾಕ್ಟರಿನ ಮೇಲಿಂದ ಕೂಗಿದ, "ಅನ್ನಪೂರ್ಣಾ, ಹೊತ್ತ ಹೋಗಾಕ ಹತ್ತೇತಿ! ಅಕ್ಕನ್ನ ಇದರಾಗ ಏರಸೂಣು."

"ಬ್ಯಾಡ ಮಾಮಾ." ಅನ್ನಪೂರ್ಣಾ ಸೆರಗು ಸೊಂಟಕ್ಕೆ ಸಿಗಿಸಿದಳು. "ಅವ್ವನ್ನ ಗಾಡ್ಯಾಗ ಕುಂದರ್ಸ್ರಿ. ಎಲ್ಲಾರೂ ಹಿಂದ ಬರ್ರಿ."

ನಾಲ್ಕು ಜನ ಗುರುಬಸವ್ವನನ್ನು ಎತ್ತಿ ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಶಾಲಿನಿಂದ ಸೀಟಿಗೆ ಕಟ್ಟಿದರು. ಕೆಂಚವ್ವ ಹಿಂದಿನ ಸೀಟು ಹತ್ತಿ ಅವಳ ಎರಡೂ ಭುಜ ಹಿಡಿದುಕೊಂಡಳು. ಗಂಗಯ್ಯನವರು ಧೋತರ ಮೇಲೆ ಕಟ್ಟಿ ಡಿಕ್ಕಿಗೆ ಕೈ ಕೊಟ್ಟರು. ಶಟ್ಟೆಪ್ಪ ಅವರ ಪಕ್ಕ. ಆಕಳಿಸುತ್ತಿದ್ದವರೆಲ್ಲ ಬಂದರು.

"ದಬ್ರಿ!"

ಗಾಡಿ ಅಂಗಳ ದಾಟಿತು, ಓಣಿಗಿಳಿಯಿತು. ಸಾಮಾನ್ಯ ಭಾರವಲ್ಲ ಅದು. ಅನ್ನಪೂರ್ಣಾಳ ಕಾಲು ಜಾರಿತು, ಮೊಣಕಾಲು ತರಚಿತು, ಎದ್ದು ಮತ್ತೆ ಕೈ ಕೊಟ್ಟಳು. ಇದನ್ನು ಒಬ್ಬಳೇ ಹೇಗೆ ದಬ್ಬುತ್ತಿದ್ದಳು ಮಹಾರಾಯಿತಿ! ಓಣಿಯ ತಿರುವಿನಲ್ಲಿ ಬಸಲಿಂಗಪ್ಪ ಕ್ಲಚ್ ಬಿಟ್ಟ. ಗಾಡಿ ಹಾರಿತು, ಕೆಮ್ಮಿತು, ಎಲ್ಲರ ಮುಖಕ್ಕೆ ಕರಿಹೊಗೆ ಉಗುಳಿ ಹಿಡಿದುಕೊಂಡಿತು.

ಅಂಗೈಗಳೆಲ್ಲ ಗಾಳಿಯಲ್ಲಿ ಉಳಿದವು.

"ನಿಲ್ಲಸ್ರಿ ಮಾಮಾ!" ಸತ್ಯಪ್ಪ ಹಿಂದಿನಿಂದ ಬಸಲಿಂಗಪ್ಪನಿಗೆ ಕೂಗಿದ. "ಭಜನಿ ಮುಂದ ಹೋಗಬೇಕು!" ಗಂಗಯ್ಯನವರೂ ಏದುಸಿರಿನಲ್ಲಿ "ತಡೀರಿ, ತಡೀರಿ" ಎಂದರು. ಗಾಡಿಯ ಹಿಂದೆ ಕೆಂಪು ದೀಪ ಹತ್ತಿತು. ಎಂಜಿನ್ನಿನ ದನಿ ಕುಸಿಯಿತು.

ಅನ್ನಪೂರ್ಣಾ ಗುಂಪನ್ನು ಸೀಳಿಕೊಂಡು ಓಡಿದಳು. "ನಿಲ್ಲಸಬ್ಯಾಡಪಾ! ಅವರ ಮಾತ ಕೇಳಬ್ಯಾಡ! ಆಕೀನ್ನ ಕರಕೊಂಡ ಹೋಗು, ಹೋಗು!"

ಕೆಂಪು ದೀಪ ಆರಿತು. ಫಿಯಾಟ್ ಮಾರ್ಕೆಟ್ ಯಾರ್ಡಿನ ಗೇಟು ದಾಟಿ ಸಂಪಗಾಂವ ರಸ್ತೆಗೆ ಹೊರಳಿತು. ಭಜನೆಯವರು ತಾಳಗಳನ್ನು ಎದೆಗೆ ಅವುಚಿಕೊಂಡು ಓಡುತ್ತಿದ್ದರು, ಅವರ ಹಿಂದೆ ಖಾಲಿ ವಿಮಾನ ಹೊತ್ತ ಟ್ರ್ಯಾಕ್ಟರ್. ಮುಂದಿನ ಸೀಟಿನಲ್ಲಿ ಗುರುಬಸವ್ವನ ಸೆರಗು ಹೊದ್ದ ತಲೆ ಗಾಡಿ ಕುಲುಕಿದಂತೆಲ್ಲ ಗಂಡನ ಕಡೆ ತುಸು ವಾಲುತ್ತ, ಮತ್ತೆ ನೆಟ್ಟಗಾಗುತ್ತ, ಯಾರಿಗೂ ಸಿಗದಷ್ಟು ಮುಂದೆ ಹೋಯಿತು.