ಮರಿಗಳ ಲಾರಿ ಬರಲಿಲ್ಲ

ಪದ್ಮಿನಿ, ಪ್ರಭಾಕರ ಗಂಡ ಹೆಂಡತಿ. ಇಬ್ಬರೂ ಮಂಗಳೂರಿನಲ್ಲಿ ಮೀನುಗಾರಿಕೆ ಓದಿ ಸ್ವೀಡನ್ನಿಗೆ ಬಂದವರು. ಅವಳಿಗೆ ಕೆಲಸ ಸಿಕ್ಕಿದ್ದು ನಾರ್‌ಶೋಪಿಂಗ್ ಹತ್ತಿರದ ಒಂದು ಮೀನಿನ ಫಾರ್ಮಿನಲ್ಲಿ, ಅವನಿಗೆ ಯೋನ್‌ಶೋಪಿಂಗ್ ಆಚೆಯ ಇನ್ನೊಂದರಲ್ಲಿ. ಎರಡೂ ಕಡೆ ಸಾಕುವುದು ಸ್ಟರ್ಜನ್ ಎಂಬ ಉದ್ದ ಮೂತಿಯ ಮೀನು. ಮೀನಿಗೆ ಭಾನುವಾರವೂ ಹಸಿವಾಗುತ್ತದಲ್ಲ, ಅವಳಿಗೆ ರಜೆ ಸಿಕ್ಕಾಗ ಅವನಿಗಿಲ್ಲ, ಅವನಿಗೆ ಸಿಕ್ಕಾಗ ಅವಳಿಗಿಲ್ಲ. ಚಳಿಗಾಲವೆಲ್ಲ ಫೋನಿನಲ್ಲೇ ಸಂಸಾರ ನಡೆಯಿತು.

2016ರ ವಸಂತದಲ್ಲಿ ಅವನ ಫಾರ್ಮಿನಿಂದ ಇವಳ ಫಾರ್ಮಿಗೆ ಒಂದು ಲಾರಿ ಮೀನುಮರಿ ಕಳಿಸುವುದೆಂದು ಗೊತ್ತಾಯಿತು. ಮರಿಗಳು ಹೊಸ ನೀರಿಗೆ ಒಗ್ಗುವವರೆಗೆ ಪ್ರಭಾಕರನೂ ಇಲ್ಲೇ ಉಳಿಯಬೇಕು. ಪದ್ಮಿನಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆ ಒರೆಸಿದಳು, ನೀರುದೋಸೆಗೆ ಅಕ್ಕಿ ನೆನೆಹಾಕಿದಳು. ಅಷ್ಟರಲ್ಲಿ ಅವನ ಫೋನು ಬಂತು. ಕೆಲವು ಮರಿಗಳು ಮೇವು ಬಿಟ್ಟಿವೆ, ತೊಟ್ಟಿಯ ತಳದಲ್ಲಿ ಸುಮ್ಮನೆ ಬಿದ್ದಿವೆ, ಕಿವಿರು ಬಿಳಿಚಿಕೊಂಡಿದೆ, ಲಾರಿ ಬೇಡ ಎಂದು ತಾನೇ ಹೇಳಿದ್ದೇನೆ ಎಂದ.

"ನೀರು ಬೆಚ್ಚಗಾದಾಗ ಮೀನು ಮೇವು ಬಿಡೋದು ಹೊಸದಾ? ಹೊರಟು ಬಾ," ಎಂದಳು ಪದ್ಮಿನಿ.

"ನನಗೆ ಬರೋ ಆಸೆ ಇಲ್ಲ ಅಂದ್ಕೊಂಡ್ಯಾ?" ಎಂದ ಅವನು.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮರುದಿನ ಲಿನ್‌ಶೋಪಿಂಗಿನಲ್ಲಿರುವ ನೀರಜಕ್ಕನ ಮನೆಗೆ ಹೋದಳು. ನೀರಜಕ್ಕ ಮಂಗಳೂರಿನ ಕಡೆಯವಳೇ, ಮೀನುಗಳ ಡಾಕ್ಟರು. ಇಷ್ಟಕ್ಕೆಲ್ಲ ಹೆದರಬೇಕಿಲ್ಲ ಎಂದು ಅಕ್ಕನ ಬಾಯಲ್ಲಿ ಕೇಳುವ ಆಸೆ ಅವಳಿಗೆ. ಕಾಯಿಲೆಯೇ ಆದರೆ ಬಂದ ಮೇಲೆ ಔಷಧಿ ಹಾಕಿದರಾಯಿತು ಎಂದೂ ವಾದಿಸಿದಳು.

ನೀರಜಕ್ಕ ಕಾಫಿ ಲೋಟ ಕೆಳಗಿಟ್ಟಳು. "ಇದು ವೈರಸ್ ಇರಬಹುದು ಪದ್ಮಿ. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ, ಲಸಿಕೇನೂ ಇಲ್ಲ. ಮನುಷ್ಯರಿಗೆ ಅಂಟಲ್ಲ, ಆದ್ರೆ ಮರಿಗಳು ರಾಶಿ ರಾಶಿ ಸಾಯ್ತವೆ. ಬದುಕಿದ ಮೀನು ನೋಡೋಕೆ ಚೆನ್ನಾಗೇ ಇರುತ್ತೆ, ಒಳಗೆ ಕಾಯಿಲೆ ಹೊತ್ಕೊಂಡಿರುತ್ತೆ. ಮೀನಿನ ಜೊತೆ, ನೀರಿನ ಜೊತೆ, ಒದ್ದೆ ಬಲೆ, ಬೂಟಿನ ಜೊತೆ ಕೂಡ ಬರುತ್ತೆ."

"ಹಾಗಾದ್ರೆ ಅವನೊಬ್ಬನಾದ್ರೂ ಬರಬಹುದಲ್ಲ ಅಕ್ಕ?"

"ಖಂಡಿತ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕ್ಕೊಂಡು ಬರಲಿ. ಕೆಲಸದ ಬೂಟು ಅಲ್ಲೇ ಇರಲಿ. ನಿನ್ನ ತೊಟ್ಟಿಗಳ ಹತ್ರ ಮಾತ್ರ ಬೇಡ."

ಆದರೆ ಅವನು ಬರುವ ಹಾಗಿರಲಿಲ್ಲ. ಮರಿಗಳು ದಿನದಿನವೂ ಸಾಯುತ್ತಿದ್ದವು. ಲ್ಯಾಬಿಗೆ ಕಳಿಸಿದ್ದ ಮರಿಗಳ ಪರೀಕ್ಷೆಯ ಫಲ ಬಂತು, ವೈರಸ್ಸೇ. ಉಳಿದ ಮರಿಗಳನ್ನೂ ಕೊಲ್ಲಬೇಕಾಯಿತು. ಮೊಟ್ಟೆಯಿಂದ ಹೊರಬಂದಾಗಿನಿಂದ ತಾನೇ ಮೇವು ಹಾಕಿದ ಮರಿಗಳೆಂದು ಪ್ರಭಾಕರ ಫೋನಿನಲ್ಲಿ ಅತ್ತ. ಪದ್ಮಿನಿಗೆ ಅವನ ತಲೆ ಸವರಬೇಕೆನಿಸಿತು. ನಡುವೆ ಅಷ್ಟು ದೂರ.

ಫೋನಿಟ್ಟು ಅವಳು ತೊಟ್ಟಿಗಳ ಬಳಿ ಹೋದಳು. ಎಷ್ಟೋ ವರ್ಷ ಕಾದ ಮೇಲೆ ಮೊದಲ ಸಲ ಮೊಟ್ಟೆಯಿಟ್ಟ ತಾಯಿಮೀನುಗಳು ನಿಧಾನವಾಗಿ ಸುತ್ತುತ್ತಿದ್ದವು. ಪಕ್ಕದಲ್ಲೇ ಅವುಗಳ ಮರಿಗಳು. ತನ್ನ ಹಟವೇ ಗೆದ್ದು ಲಾರಿ ಬಂದಿದ್ದರೆ ಈ ಮರಿಗಳೂ ಉಳಿಯುತ್ತಿರಲಿಲ್ಲ. ಅಂದೇ ಮ್ಯಾನೇಜರ್ ಬಳಿ ಹೋಗಿ, ಇನ್ನು ಎಲ್ಲಿಂದ ಮರಿ ಬಂದರೂ ಬೇರೆ ತೊಟ್ಟಿ, ಬೇರೆ ಬಲೆ, ಪರೀಕ್ಷೆ ಆಗುವವರೆಗೆ ಬೆರೆಸುವುದಿಲ್ಲ ಎಂದು ಒಪ್ಪಿಸಿ ಬಂದಳು.

ತನ್ನ ಫಾರ್ಮಿನ ತೊಟ್ಟಿಗಳನ್ನೆಲ್ಲ ತೊಳೆದು ಒಣಗಿಸಿದ ಮೇಲೆ, ಬೇಸಿಗೆಯಲ್ಲಿ ಪ್ರಭಾಕರ ಬಂದ. ಪದ್ಮಿನಿ ರೈಲು ನಿಲ್ದಾಣದಲ್ಲೇ ಕಾದಿದ್ದಳು. ಅವನು ಸೊರಗಿದ್ದ. ಮೊದಲು ಕೇಳಿದ್ದು ಅವಳ ಮೀನುಗಳ ವಿಷಯ.

"ಎಲ್ಲಾ ಚೆನ್ನಾಗಿವೆ," ಎಂದಳು. "ನೀನು ಲಾರಿ ಬೇಡ ಅಂದಿದ್ದಕ್ಕೆ."

ಅವನು ಅವಳ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ.

ಮೀನು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಸ್ಟರ್ಜನ್ ಇರಲಿ, ಕಾಟ್ಲಾ ಇರಲಿ, ಹೊಸ ಮರಿಯನ್ನು ಬಂದ ದಿನವೇ ಹಳೆಯದರ ಜೊತೆ ಬಿಡಬೇಡಿ. ಬೇರೆಯವರ ಕೊಳದ ಬಲೆ ನಿಮ್ಮ ನೀರಿಗೆ ಬೇಡ. ಮೀನು ಮೇವು ಬಿಟ್ಟರೆ ಮುಚ್ಚಿಡದೆ ಡಾಕ್ಟರಿಗೆ ತಿಳಿಸಿ, ಸತ್ತದ್ದನ್ನು ಹೊಳೆಗೆ ಎಸೆಯಬೇಡಿ. ಕಾಯುವುದು ಕಷ್ಟ, ನಿಜ. ಆದರೂ ಸ್ವಲ್ಪ ಕಾಯಿರಿ.