ಬೂದಿಗೊಬ್ಬಳು ಜೊತೆಗಾತಿ

"ಒಳಗೆ ಬನ್ನಿ ಮೇಷ್ಟ್ರೇ," ಎಂದಳು ಅವಳು. ಸಂಗೀತದ ಮೇಷ್ಟ್ರು ಹೊಸ್ತಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಿಂದ ಪಂಜರ ಚಾಚಿದರು.

"ಬೇಡಮ್ಮ. ಇದರ ಧೂಳು ನನ್ನ ಎದೆಗೆ ಆಗಲ್ಲ. ಉಸಿರು ಬೇಕೋ ಮೋಡ ಬೇಕೋ ನೀವೇ ಹೇಳಿ ಅಂದುಬಿಟ್ರು ಡಾಕ್ಟ್ರು."

ಮೋಡ ಅವರ ಚಿಂಚಿಲಾದ ಹೆಸರು. ಮೊಲದ ಮರಿಯಷ್ಟು ಮೈ, ದಟ್ಟ ತುಪ್ಪಳ, ದುಂಡು ಕಿವಿ, ಅಳಿಲಿನಂಥ ಬಾಲ. ನೀರು ಮುಟ್ಟದೆ ನುಣ್ಣನೆಯ ಮಣ್ಣಿನಲ್ಲಿ ಹೊರಳಿ ಸ್ನಾನ ಮುಗಿಸುವ ಪ್ರಾಣಿ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳ ಮನೆಯಲ್ಲೂ ಅಂಥದೇ ಒಂದಿತ್ತು, ಹೆಸರು ಬೂದಿ. ಅದರ ಜೊತೆಯದು ಸತ್ತು ತಿಂಗಳಾಗಿತ್ತು. ಅಂದಿನಿಂದ ಬೂದಿ ಹುಲ್ಲನ್ನು ಅರೆಬರೆ ತಿಂದು ಬಿಟ್ಟು, ತನ್ನ ತುಪ್ಪಳವನ್ನೇ ಕಚ್ಚಿ ಕೀಳುತ್ತಿತ್ತು.

"ಗಂಡು ತಂದ್ಯಾ?" ಎಂದು ಅಮ್ಮ ಕೇಳಿದಳು.

"ಎರಡೂ ಹೆಣ್ಣೇ ಅಮ್ಮಾ."

"ಹಾಗಾದ್ರೆ ಓರಗಿತ್ತಿಯರು. ಜಗಳ ನೋಡೋಕೆ ಕುರ್ಚಿ ಹಾಕ್ಕೊಳ್ತೀನಿ."

ಒಂದರ ವಾಸನೆ ಇನ್ನೊಂದಕ್ಕೆ ಒಗ್ಗಲೆಂದು ಪಂಜರಗಳನ್ನು ಒಂದು ಗೇಣು ದೂರದಲ್ಲಿಟ್ಟರು. ಸಂಜೆ ಕೋಣೆಯೊಳಗೆ ನಸುಗಪ್ಪು ಇಳಿಯುತ್ತಿದ್ದಂತೆ ಎರಡೂ ಎದ್ದು, ಹೊಗೆಯ ಎರಡು ಉಂಡೆಗಳಂತೆ ಅತ್ತಿಂದಿತ್ತ ತೇಲುತ್ತಿದ್ದವು. ಅಂಗಡಿಯಿಂದ ಬಂದವಳು ದೀಪ ಹಾಕುವುದನ್ನೂ ಮರೆತು ನೋಡುತ್ತಾ ಕೂರುತ್ತಿದ್ದಳು. ದಿನವಿಡೀ ಪರರ ಕಣ್ಣಿಗೆಂದು ಗಾಜು ಉಜ್ಜಿದವಳಿಗೆ ಆ ಮಸುಕೇ ಹಿತವಾಗಿತ್ತು.

ಮೂರನೇ ವಾರ ಎರಡನ್ನೂ ಒಟ್ಟಿಗೆ ಬಿಟ್ಟಳು. ಕ್ಷಣದಲ್ಲಿ ಕಿರುಚಾಟ, ಗಾಳಿಯ ತುಂಬ ತುಪ್ಪಳ. ಟವೆಲು ಎಸೆದು ಬೇರೆ ಮಾಡುವಷ್ಟರಲ್ಲಿ ಅವಳ ಬೆರಳಿಗೂ ಹಲ್ಲು ತಾಗಿತ್ತು. ಸೋತು, ಮೋಡವನ್ನು ವಾಪಸು ಕರೆದೊಯ್ಯಿರೆಂದು ಹೇಳಲು ಮೇಷ್ಟ್ರಿಗೆ ಫೋನ್ ಮಾಡಿದಳು.

"ನಾಳೆ ಸಂಜೆ ಬರ್ತೀನಿ," ಎಂದರು ಅವರು, ಮಾತು ಮುಗಿಯುವುದಕ್ಕೂ ಬಿಡದೆ.

ಮರುದಿನ ಅವಳು ಮನೆಗೆ ಬಂದಾಗ ಅಮ್ಮ ಬಚ್ಚಲುಮನೆಯ ನೆಲದಲ್ಲಿ ಕೂತಿದ್ದಳು. ತಲೆಯಿಂದ ಕಾಲಿನವರೆಗೂ ಮಣ್ಣುಧೂಳು. ಮಡಿಲಿನ ಟವೆಲಿನಲ್ಲಿ ಬೂದಿ, ಬೂದಿಯ ಬೆನ್ನಿನ ಮೇಲೆ ಗದ್ದವಿಟ್ಟು ಮೋಡ. ಎರಡಕ್ಕೂ ನಿದ್ದೆ.

"ಇದೇನಮ್ಮಾ?"

"ಶ್! ಪುಟ್ಟ ಜಾಗ, ಒಂದೇ ತಟ್ಟೆ ಮಣ್ಣು. ಇಬ್ಬರನ್ನೂ ಅದರಲ್ಲೇ ಹೊರಳಿಸ್ದೆ. ಈಗ ಯಾವ ವಾಸನೆ ಯಾರದು ಅಂತ ಅವಕ್ಕೇ ಗೊತ್ತಿಲ್ಲ." ಅಮ್ಮ ಕಾಲು ಅಲುಗಿಸದೆ ಮುಖ ಕಿವುಚಿದಳು. "ಮಧ್ಯಾಹ್ನದಿಂದ ಹೀಗೇ ಕೂತಿದ್ದೀನಿ. ಕಾಲು ನನ್ನದೋ ಅಲ್ವೋ ಅನ್ನೋ ಹಾಗಾಗಿದೆ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೇಷ್ಟ್ರು. ಕೈಯಲ್ಲಿ ಬೆತ್ತದ ಬುಟ್ಟಿ, ಬುಟ್ಟಿಯ ತಳದಲ್ಲಿ ಹೊಸ ಹುಲ್ಲು, ಮೇಲೊಂದು ಮಡಿಸಿದ ಉಣ್ಣೆಬಟ್ಟೆ. ಮುಖದಲ್ಲಿ ಕರವಸ್ತ್ರವಿರಲಿಲ್ಲ.

"ಮಾತ್ರೆ ನುಂಗ್ಕೊಂಡು ಹೇಗೋ ನೋಡ್ಕೊಳ್ತೀನಮ್ಮ," ಎಂದು ಅವಸರವಾಗಿ ಹೇಳಿದರು. "ಮನೇಲಿ ಪಂಜರ ಇದ್ದ ಆ ಮೂಲೆ ನೋಡೋಕೇ ಆಗ್ತಿಲ್ಲ. ಎಲ್ಲಿ ನನ್ನ ಮೋಡ?"

ಅವಳು ಚಪ್ಪಲಿ ಮೆಟ್ಟಿಕೊಂಡು, ಅವರನ್ನು ಓಣಿಯ ಬದಿಗಿದ್ದ ಬಚ್ಚಲುಮನೆಯ ಸಣ್ಣ ಕಿಟಕಿಯ ಬಳಿಗೆ ಕರೆದೊಯ್ದಳು.

ಮೇಷ್ಟ್ರು ಬುಟ್ಟಿಯನ್ನು ನೆಲಕ್ಕಿಟ್ಟು ಗಾಜಿಗೆ ಹಣೆಯೊತ್ತಿ ನಿಂತರು. ಒಳಗೆ ಅಮ್ಮ ಬೆರಳನ್ನು ತುಟಿಯ ಮೇಲಿಟ್ಟಳು. ಮೇಷ್ಟ್ರ ಉಸಿರಿಗೆ ಗಾಜು ಮಂಜಾಯಿತು. ತೋಳಿನಿಂದ ಒರೆಸಿದರು. ಮತ್ತೆ ಮಂಜಾಯಿತು, ಮತ್ತೆ ಒರೆಸಿದರು.